ಹಳೆಯ ನಾಣ್ಯಗಳನ್ನು ಲೋಹದ ಬೆಲೆಗಾಗಿ ಕೂಡಿಡಬೇಕೇ?

ಬೆಳಗಾವಿಯ ಮನೆಯಲ್ಲಿ ಅಜ್ಜಿಯ ಡಬ್ಬಿ ತುಂಬ ಹಳೆಯ ನಾಣ್ಯಗಳಿವೆ, ಲೋಹದ ಬೆಲೆಗಾಗಿ ಇನ್ನಷ್ಟು ಕೂಡಿಡಲೇ ಎಂದು ಕೇಳಿದ್ದೀರಿ. ಬೆಳ್ಳಿಯಿದ್ದರೆ ಜೋಪಾನ ಮಾಡಿ. ಉಳಿದವುಗಳ ಬೆನ್ನು ಹತ್ತಬೇಡಿ.

ಬ್ರಿಟಿಷ್ ರಾಣಿ, ರಾಜರ ಮುಖವಿರುವ 1938ರವರೆಗಿನ ಒಂದು ರೂಪಾಯಿ 11.66 ಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 1945ರ ನಾಣ್ಯಗಳಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಹಿಂಬದಿಯಲ್ಲಿ ಹುಲಿಯಿರುವ 1947ರ ರೂಪಾಯಿ ಬೆಳ್ಳಿಯಂತೆಯೇ ಹೊಳೆದರೂ ನಿಕ್ಕಲ್ ನಾಣ್ಯ, ಅಯಸ್ಕಾಂತಕ್ಕೆ ಟಕ್ಕನೆ ಅಂಟಿಕೊಳ್ಳುತ್ತದೆ. ಖಡೇಬಜಾರಿನ ಸರಾಫರ ಅಂಗಡಿಗೆ ಹೋಗುವ ಮೊದಲು ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಿ.

ಜನರ ಕಣ್ಣಿರುವುದು 1990ರ ದಶಕದ ದಪ್ಪ ಐದು ರೂಪಾಯಿಯ ಮೇಲೆ. ತೂಕ 9 ಗ್ರಾಂ, ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ತಾಮ್ರಕ್ಕೆ ಕಿಲೋಗೆ 800 ರೂಪಾಯಿ ಎಂದು ಹಿಡಿದರೂ 6.75 ಗ್ರಾಂ ತಾಮ್ರಕ್ಕೇ 5 ರೂಪಾಯಿ 40 ಪೈಸೆ ಆಗುತ್ತದೆ. ಲೆಕ್ಕ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ಕರಗಿಸದೆ ಆ ಬೆಲೆ ಕೈಗೆ ಬರುವುದಿಲ್ಲ, ಕರಗಿಸಿದರೆ 2011ರ ನಾಣ್ಯ ಕಾಯ್ದೆಯಡಿ 7 ವರ್ಷದವರೆಗೆ ಜೈಲು. ಕರಗಿಸುವ ಉದ್ದೇಶದಿಂದ ಅಗತ್ಯಕ್ಕಿಂತ ಬಹಳ ಹೆಚ್ಚು ನಾಣ್ಯಗಳನ್ನು ಕೂಡಿಡುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ.