ಸಂಪಾದಕರ ಉತ್ತರ: ಹೊಗೆಯ ಕೆಳಗೆ ಕೃತಜ್ಞತೆಯ ಮಾತು

ಆತ್ಮೀಯ ಸಹೋದರಿಯವರಿಗೆ,

ನಿಮ್ಮ ಪತ್ರ ತಲುಪಿತು. ಹೆಸರು, ಊರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದೀರಿ. ಅವೆರಡನ್ನೂ ಬಿಟ್ಟು, ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ಕಾಡ್ಗಿಚ್ಚು ಇರುವುದು ನಿಮ್ಮ ಮನೆಯಿಂದ ಇನ್ನೂರು ಕಿಲೋಮೀಟರ್ ದೂರದಲ್ಲಿ. ಹೊಗೆ ಮಾತ್ರ ಹದಿನಾರು ದಿನಗಳಿಂದ ನಿಮ್ಮ ತಲೆಯ ಮೇಲೆಯೇ ಕವಿದು ನಿಂತಿದೆ. ಕಿಟಕಿ ತೆರೆದಿಲ್ಲ. ಉಬ್ಬಸವಿರುವ ಮಾವನವರು ನಡುರಾತ್ರಿ ಎದ್ದು ಕೂರುತ್ತಾರೆ. ಏಳು ವರ್ಷದ ಮಗ ‘ಆಕಾಶ ಯಾವಾಗ ವಾಪಸ್ ಬರುತ್ತದೆ?’ ಎಂದು ದಿನವೂ ಕೇಳುತ್ತಾನೆ. ಪರಿಚಿತರೆಲ್ಲ ‘ನಿಮ್ಮ ಮನೆಯಾದರೂ ಉಳಿದಿದೆಯಲ್ಲ, ಅದಕ್ಕೆ ಕೃತಜ್ಞರಾಗಿರಿ’ ಎನ್ನುತ್ತಾರೆ. ನಿಮ್ಮ ಎರಡು ವಾಕ್ಯಗಳನ್ನು ಮಾತ್ರ ಇದ್ದಂತೆಯೇ ಎತ್ತಿಕೊಳ್ಳುತ್ತೇನೆ: ‘ಮನೆ ಕಳೆದುಕೊಂಡವರ ಮುಂದೆ ನಮ್ಮದೇನು ಮಹಾ ಎಂದು ಉಸಿರೆತ್ತದೆ ಇದ್ದೇನೆ. ಆದರೆ ಕೃತಜ್ಞತೆ ಹುಟ್ಟುತ್ತಿಲ್ಲ, ನಾಚಿಕೆ ಮಾತ್ರ ಹುಟ್ಟುತ್ತಿದೆ.’ ಇದು ತಪ್ಪೇ ಎಂಬುದು ನಿಮ್ಮ ಪ್ರಶ್ನೆ.

ತಪ್ಪಲ್ಲ. ಆ ಮಾತಿಗೆ ಬರುವ ಮುನ್ನ ಒಂದು ವಿಷಯ. ಉಬ್ಬಸದವರು ರಾತ್ರಿ ಉಸಿರಿಗಾಗಿ ಎದ್ದು ಕೂರುತ್ತಿದ್ದಾರೆಂದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದೇ ಅರ್ಥ. ಸಂಚಿಕೆ ಕೈಸೇರುವವರೆಗೆ ಕಾಯುವ ಸಂಗತಿ ಇದಲ್ಲವೆಂದು, ಮಾವನವರನ್ನು ಕೂಡಲೇ ವೈದ್ಯರಿಗೆ ತೋರಿಸಿ ಎಂದು ನಿಮಗೆ ಆಗಲೇ ತಿಳಿಸಿದ್ದೇನೆ. ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರಿಗೂ ಅದೇ ಮಾತು ಅನ್ವಯಿಸುತ್ತದೆ.

ಇನ್ನು ನಿಮ್ಮ ಪ್ರಶ್ನೆ. ‘ಕೃತ’ ಎಂದರೆ ಮಾಡಿದ್ದು, ‘ಜ್ಞ’ ಎಂದರೆ ಅರಿತವನು. ನಮಗಾಗಿ ಆಗಿರುವುದನ್ನು, ಮಾಡಲ್ಪಟ್ಟಿರುವುದನ್ನು ಅರಿತಿರುವುದೇ ಕೃತಜ್ಞತೆ. ಆ ಪದದಲ್ಲಿ ಹೋಲಿಕೆಗೆ ಎಡೆಯೇ ಇಲ್ಲ. ಇನ್ನೊಬ್ಬರ ಮನೆ ಸುಟ್ಟಿತು, ನನ್ನದು ಸುಡಲಿಲ್ಲ ಎಂಬ ಲೆಕ್ಕದಿಂದ ಹುಟ್ಟುವುದು ಸಮಾಧಾನ ಮಾತ್ರ. ಅದೂ ಪರರ ನಷ್ಟದ ಮೇಲೆ ನಿಂತ ಸಮಾಧಾನ. ನಿಮ್ಮ ಮನಸ್ಸು ಅದನ್ನು ಒಪ್ಪಲಿಲ್ಲ, ಹಾಗಾಗಿ ನಾಚಿಕೆಯಾಯಿತು. ನಾನು ಆ ನಾಚಿಕೆಯನ್ನು ಗೌರವಿಸುತ್ತೇನೆ. ನೋವುಗಳನ್ನು ತಕ್ಕಡಿಯಲ್ಲಿಟ್ಟು, ಹಗುರವಾದದ್ದಕ್ಕೆ ಬಾಯಿ ಮುಚ್ಚಿಸುವ ಹಕ್ಕು ಯಾರಿಗೂ ಇಲ್ಲ.

ನಿಮ್ಮ ನೋವು ಹಗುರವೂ ಅಲ್ಲ. ಕಾಡ್ಗಿಚ್ಚಿನ ಹೊಗೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು 2.5 ಮೈಕ್ರಾನ್‌ಗಿಂತ ಚಿಕ್ಕದಾದ ಕಣಗಳು. ಅವು ಕೂದಲೆಳೆಯ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಭಾಗದಷ್ಟು, ಕೆಲವು ಅದಕ್ಕಿಂತಲೂ ಸಣ್ಣವು. ಮೂಗು, ಗಂಟಲು ತಡೆಯಲಾಗದ ಈ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯುತ್ತವೆ. ತೀರ ಸಣ್ಣವು ರಕ್ತಕ್ಕೂ ಸೇರುತ್ತವೆ, ಹೃದಯಕ್ಕೂ ಹೊರೆಯಾಗುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣಗಳ ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ದಟ್ಟ ಹೊಗೆಯ ದಿನಗಳಲ್ಲಿ ಅದು ನೂರನ್ನು ದಾಟುವುದು ಅಪರೂಪವಲ್ಲ. ಮನುಷ್ಯ ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಸಲ ಉಸಿರಾಡುತ್ತಾನೆ. ಹದಿನಾರು ದಿನಗಳ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ತಲೆನೋವು, ಉರಿಗಣ್ಣು, ಕಾರಣವಿಲ್ಲದ ಸಿಡುಕು, ಇವನ್ನೆಲ್ಲ ಮನೋದೌರ್ಬಲ್ಯವೆಂದು ತಿಳಿದು ನಿಮ್ಮನ್ನು ನೀವೇ ಗದರಿಕೊಳ್ಳಬೇಡಿ.

ಕೆಲವು ವರ್ಷಗಳ ಹಿಂದೆ ನಾನೂ ಹನ್ನೊಂದು ದಿನ ಇಂಥ ಹೊಗೆಯಡಿ ಕಳೆದೆ. ಐದನೆಯ ಬೆಳಿಗ್ಗೆ ಕಿಟಕಿಯ ಹೊರಅಂಚಿನಲ್ಲಿ ಒಂದು ಎಲೆ ಬಿದ್ದಿತ್ತು. ಪೂರ್ತಿ ಸುಟ್ಟ ಎಲೆ. ಆದರೂ ನಡುದಂಟು, ಅದರಿಂದ ಕವಲೊಡೆದ ನರಗಳು, ಅಂಚಿನ ಗರಗಸದಂಥ ಹಲ್ಲುಗಳು, ಎಲ್ಲವೂ ಬೂದುಬಣ್ಣದಲ್ಲಿ ಅಚ್ಚಾದಂತೆ ಉಳಿದಿದ್ದವು. ಬಾಗಿಲು ತೆರೆದು ಹೋಗಿ ಬೆರಳು ತಾಗಿಸಿದೆ. ಪುಡಿಯಾಯಿತು. ಅಲ್ಲಿಯವರೆಗೆ ಹೊಗೆ ನನ್ನ ಪಾಲಿಗೆ ಒಂದು ಕಿರುಕುಳವಾಗಿತ್ತು. ಆ ಗಳಿಗೆಯಿಂದ ಅದು ಒಂದು ಕಾಡಾಯಿತು. ನಾನೆಂದೂ ಕಾಲಿಡದ ಯಾವುದೋ ಬೆಟ್ಟದ ಮರವನ್ನು ಐದು ದಿನಗಳಿಂದ ಒಳಗೆಳೆದುಕೊಳ್ಳುತ್ತಿದ್ದೇನೆ ಎಂಬುದು ಎದೆಗೆ ತಟ್ಟಿತು. ಅಷ್ಟು ವರ್ಷ ಉಸಿರಾಡಿದ ಶುಭ್ರ ಗಾಳಿಯೂ ಎಲ್ಲಿಂದಲೋ ಬಂದದ್ದೇ ಆಗಿತ್ತಲ್ಲ, ಅದನ್ನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂಬ ಯೋಚನೆ ಅದರ ಬೆನ್ನಿಗೇ ಬಂತು.

ಅದೇ ದಿನ ಮಧ್ಯಾಹ್ನ ಅಂಚೆಯವರು ಬಂದರು. ಕಣ್ಣು ಕೆಂಪಗಾಗಿತ್ತು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಮುಚ್ಚಿಕೊಳ್ಳಲು ನನಗೆ ಬಾಗಿಲಿತ್ತು. ಅವರ ಕೆಲಸದಲ್ಲಿ ಬಾಗಿಲೇ ಇರಲಿಲ್ಲ. ಬಟ್ಟೆ ಈ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ, ಒದ್ದೆ ಮಾಡಿದರೂ ಅಷ್ಟೇ ಎಂದು ಹೇಳಿ, ನನ್ನಲ್ಲಿದ್ದ ಎನ್95 ಮಾಸ್ಕ್‌ಗಳಲ್ಲಿ ಎರಡನ್ನು ಕೊಟ್ಟೆ. ಒಂದನ್ನು ಅಲ್ಲೇ ಹಾಕಿಕೊಂಡರು. ಇನ್ನೊಂದನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಳ್ಳುತ್ತ ‘ಇದು ನನ್ನ ಹೆಂಡತಿಗೆ, ಅವಳದೂ ಹೊರಗಿನ ಕೆಲಸ’ ಎಂದರು. ನಾನು ಒಳಗೆ ಹೋಗಿ ಉಳಿದವನ್ನೂ ತಂದುಕೊಟ್ಟೆ.

ದೃಷ್ಟಿ ಬದಲಾಗುವುದೆಂದರೆ ನನ್ನ ಅನುಭವದಲ್ಲಿ ಇದು. ನನ್ನ ಕಷ್ಟ ಚಿಕ್ಕದಾಗಲಿಲ್ಲ. ಅದೇ ಕಷ್ಟದೊಳಗೆ ಇನ್ನೂ ಎಷ್ಟು ಜನ ಇದ್ದಾರೆಂಬುದು ಕಂಡಿತು. ಜಗತ್ತಿನಲ್ಲಿ ಸುಮಾರು 210 ಕೋಟಿ ಜನರ ಅಡುಗೆ ಇಂದಿಗೂ ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆಗಳ ಹೊಗೆಯಲ್ಲೇ ನಡೆಯುತ್ತದೆ. ಮನೆಯೊಳಗಿನ ಈ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮಗೆ ಹದಿನಾರು ದಿನಗಳ ವಿಪತ್ತಾದದ್ದು ಆ ತಾಯಂದಿರಿಗೆ ನಿತ್ಯದ ಬೆಳಗು. ಇದನ್ನು ನಿಮ್ಮ ಬಾಯಿ ಮುಚ್ಚಿಸಲು ಹೇಳುತ್ತಿಲ್ಲ. ಹೊಗೆಯಲ್ಲಿ ಉಸಿರು ಕಟ್ಟುವುದು ಹೇಗಿರುತ್ತದೆಂದು ಮೈಯಿಂದಲೇ ತಿಳಿದ ನಿಮ್ಮಂಥವರು ಅವರ ಪರವಾಗಿ ಮಾತಾಡಿದರೆ, ಅಂಕಿ ಓದಿ ಮಾತಾಡುವ ನನ್ನಂಥವರ ಮಾತಿಗಿಂತ ಅದಕ್ಕೆ ಹೆಚ್ಚಿನ ತೂಕವಿರುತ್ತದೆ.

ಬೆಂಕಿಯ ಅಂಚಿನಲ್ಲಿ ನಿಂತವರನ್ನೂ ನೆನೆಯಬೇಕು. ಕಾಡಿನ ಬೆಂಕಿಯನ್ನು ನೀರಿನಿಂದಷ್ಟೇ ನಂದಿಸಲಾಗದು. ಅದರ ದಾರಿಗೆ ಅಡ್ಡವಾಗಿ ಪೊದೆ, ತರಗೆಲೆ, ಬೇರು ಎಲ್ಲವನ್ನೂ ಕಿತ್ತು, ಬರಿಯ ಮಣ್ಣು ಕಾಣುವವರೆಗೆ ಕೆರೆದು ಬೆಂಕಿರೇಖೆ ತೆಗೆಯುತ್ತಾರೆ. ಗುದ್ದಲಿ, ಕೊಡಲಿ ಹಿಡಿದು ಕಡಿದಾದ ಇಳಿಜಾರಿನಲ್ಲಿ ದಿನಗಟ್ಟಲೆ ಮಾಡುವ ಈ ಕೆಲಸವನ್ನು ಬಹುಕಾಲದಿಂದ ಮುಖಕ್ಕೊಂದು ಬಟ್ಟೆ ಕಟ್ಟಿಕೊಂಡೇ ಮಾಡುತ್ತ ಬಂದಿದ್ದಾರೆ. ಅಗ್ನಿಶಾಮಕ ವೃತ್ತಿಯೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ವರ್ಗೀಕರಿಸಿತು. ನಿಮ್ಮ ಮನೆ ಉಳಿದಿದ್ದರೆ ಅದರ ಹಿಂದೆ ಗಾಳಿಯ ದಿಕ್ಕಿನ ಜೊತೆಗೆ ಇಂಥವರ ಕೈಗಳೂ ಇರಬಹುದು. ‘ಕೃತ’ ಎಂಬುದನ್ನು ಹುಡುಕಬೇಕಾದುದು ಅಲ್ಲಿ.

ಮಗನ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ, ಆದರೆ ಅವನಿಗೆ ಹೇಳಬಹುದಾದ ಕತೆಗಳಿವೆ. ಹೊಗೆಯ ಸಣ್ಣ ಕಣಗಳು ಬೆಳಕಿನ ನೀಲಿಯನ್ನು ಹೆಚ್ಚು ಚದುರಿಸಿ ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುವುದರಿಂದ ಸೂರ್ಯ ಕೆಂಪಾಗಿ ಕಾಣುತ್ತಾನೆ. ಕಣಗಳು ಸ್ವಲ್ಪ ದೊಡ್ಡವಾಗಿ, ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದರೆ ಇದು ತಿರುವುಮುರುವಾಗುತ್ತದೆ: 1950ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಕೆನಡಾದ ಕಾಡ್ಗಿಚ್ಚಿನ ಹೊಗೆ ಅಟ್ಲಾಂಟಿಕ್ ದಾಟಿ ಹೋದಾಗ ಸ್ಕಾಟ್ಲೆಂಡಿನ ಜನ ನೀಲಿ ಸೂರ್ಯನನ್ನು ಕಂಡರು. 2023ರಲ್ಲಿ ಕೆನಡಾದಲ್ಲಿ 1.5 ಕೋಟಿ ಹೆಕ್ಟೇರಿಗೂ ಹೆಚ್ಚು ಪ್ರದೇಶ ಸುಟ್ಟಿತು. ಆ ಜೂನ್‌ನಲ್ಲಿ ನ್ಯೂಯಾರ್ಕಿನ ಹಗಲು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆಕಾಶ ಎಲ್ಲಿಗೂ ಹೋಗಿಲ್ಲ ಮಗು, ಎಲ್ಲರ ಆಕಾಶವೂ ಒಂದೇ ಆದ್ದರಿಂದ ಅಲ್ಲಿನ ಹೊಗೆ ಇಲ್ಲಿಗೆ ಬಂದಿದೆ ಎಂದು ಹೇಳಿ ನೋಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿಯಾಗಿಯೇ ಮಾತಾಡಬೇಕು. ಕೃತಜ್ಞತೆ ಎಂಬುದು ಹೊಣೆಗಾರರಿಗೆ ಸಿಗುವ ವಿನಾಯಿತಿ ಅಲ್ಲ. ಭೂಮಿ ಬಿಸಿಯೇರಿ ಕಾಡುಗಳು ಒಣಗುತ್ತಿರುವುದು, ಅನೇಕ ಕಡೆ ಮೂಲನಿವಾಸಿಗಳು ತಿಳಿದು ಹಚ್ಚುತ್ತಿದ್ದ ಸಣ್ಣ ಬೆಂಕಿಗಳನ್ನು ನಿಷೇಧಿಸಿ ದಶಕಗಳ ಒಣಕಸ ರಾಶಿಬೀಳಲು ಬಿಟ್ಟದ್ದು, ಇವು ವಿಧಿಯಲ್ಲ, ಮನುಷ್ಯರ ತೀರ್ಮಾನಗಳ ಫಲ. ‘ಉಸಿರೆತ್ತದೆ ಇದ್ದೇನೆ’ ಎಂದು ಬರೆದಿರಲ್ಲ, ಆ ಮಾತು ಓದಿ ನನಗೆ ಸಂಕಟವಾಯಿತು. ದಯವಿಟ್ಟು ಉಸಿರೆತ್ತಿ. ಶಾಲೆಯ ಕೋಣೆಗಳಿಗೆ ಗಾಳಿಶೋಧಕ ಕೇಳಿ, ಹೊರಗೆ ದುಡಿಯುವವರಿಗೆ ಮಾಸ್ಕ್ ಮತ್ತು ಬಿಡುವು ಕೇಳಿ.

ಮನೆಯಲ್ಲಿ ಮಾಡಬಹುದಾದುದೂ ಇದೆ. ಇಡೀ ಮನೆಯನ್ನು ಕಾಯಲು ಹೆಣಗಬೇಡಿ. ಒಂದು ಕೋಣೆಯನ್ನು ಆರಿಸಿ, ಸಂದುಗಳನ್ನು ಮುಚ್ಚಿ, ಮಾವನವರೂ ಮಗುವೂ ಅಲ್ಲೇ ಮಲಗುವಂತೆ ಮಾಡಿ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಶುದ್ಧೀಕರಣ ಯಂತ್ರ ಸಿಗದಿದ್ದರೆ, ಚೌಕಾಕಾರದ ಫ್ಯಾನಿಗೆ ನಾಲ್ಕು ದಪ್ಪ ಫಿಲ್ಟರ್‌ಗಳನ್ನು ಪೆಟ್ಟಿಗೆಯಂತೆ ಜೋಡಿಸಿ ಟೇಪ್ ಹಚ್ಚುವ ವಿಧಾನವಿದೆ. ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಎಂಬ ಇಬ್ಬರು 2020ರಲ್ಲಿ ರೂಪಿಸಿದ ಈ ಪೆಟ್ಟಿಗೆ ಅಗ್ಗವಾದರೂ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಗೆಯ ದಿನಗಳಲ್ಲಿ ಹುರಿಯುವುದು, ಕರಿಯುವುದು, ಮೇಣದಬತ್ತಿ ಹಚ್ಚುವುದು ಬೇಡ.

ಆಕಾಶದ ಬಣ್ಣ ನೋಡಿ ಕಿಟಕಿ ತೆರೆಯಬೇಡಿ. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡುಹಗಲೇ ಕತ್ತಲೆಯ ಕಿತ್ತಳೆ ಬಣ್ಣ ಕವಿದಿದ್ದಾಗ ಹೊಗೆ ಸಮುದ್ರದ ಮಂಜಿನ ಮೇಲೆ ತೇಲುತ್ತಿತ್ತು. ನೆಲಮಟ್ಟದ ಗಾಳಿ ನಿಜವಾಗಿ ಕೆಟ್ಟದ್ದು ಆ ಬಣ್ಣ ಹೋದ ಮುಂದಿನ ದಿನಗಳಲ್ಲಿ. ಗಾಳಿಯ ಗುಣಮಟ್ಟದ ಸೂಚ್ಯಂಕವನ್ನೇ ನಂಬಿ. ಅದು ಇಳಿದ ದಿನ ಎಲ್ಲ ಕಿಟಕಿಗಳನ್ನೂ ತೆರೆಯಿರಿ. ಅಂಚಿನ ಬೂದಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಫಿಲ್ಟರನ್ನು ಬಿಚ್ಚಿ ಚೀಲಕ್ಕೆ ಹಾಕುವ ಮುನ್ನ ತುಸು ದೂರದಿಂದಲೇ ಮಗನಿಗೆ ಒಮ್ಮೆ ತೋರಿಸಿ. ಬೆಳ್ಳಗಿದ್ದದ್ದು ಕಂದುಗಪ್ಪಾಗಿರುತ್ತದೆ. ಅಜ್ಜನ ಎದೆಗೆ ಹೋಗಬೇಕಿದ್ದದ್ದು ಇದೇ ಎಂದು ಅವನಿಗೆ ಹೇಳಿ.

ಇಂತಿ,
ಸಂಪಾದಕ