ತಂದೆಗೆ ಮರೆವು: ತೋಟ ಬರೆದುಕೊಡುವಷ್ಟು ಬುದ್ಧಿ ಸ್ವಾಧೀನದಲ್ಲಿದೆಯೇ ಎಂದು ಮನೋವೈದ್ಯರು ಹೇಗೆ ಹೇಳುತ್ತಾರೆ?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು. ತಂದೆಗೆ 79. ಹೊಸನಗರದ ಕಡೆ ಮೂರು ಎಕರೆ ಅಡಿಕೆ ತೋಟ. ಎರಡು ವರ್ಷದಿಂದ ಮರೆವು. ಈಗ ತೋಟದ ಅರ್ಧವನ್ನು ನಿಮ್ಮ ತಂಗಿಯ ಹೆಸರಿಗೆ ಬರೆಯುತ್ತೇನೆಂದು ಹಟ ಹಿಡಿದಿದ್ದಾರೆ. ‘ಅಪ್ಪನಿಗೆ ಅರಳುಮರಳು, ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಡಾಕ್ಟರಿಂದ ಬರೆಸಿಕೊಂಡು ಬಾ’ ಎಂದು ಅಣ್ಣ ನಿಮ್ಮನ್ನು ಶಿವಮೊಗ್ಗಕ್ಕೆ ಅಟ್ಟುತ್ತಿದ್ದಾನೆ. ಒಂದೇ ಭೇಟಿಯಲ್ಲಿ ಹಾಗೆ ಬರೆದುಕೊಡಬಹುದೇ ಎಂದು ಕೇಳಿದ್ದೀರಿ.

ನಾನು ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷ ದಾಟಿ ಇದೇ ಕೆಲಸ ಮಾಡಿದ ಮನೋವೈದ್ಯ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಬೇಸಿಗೆಯಲ್ಲಿ ನಿಮ್ಮಂಥ ಕುಟುಂಬಗಳು ನನ್ನ ಬಾಗಿಲಿಗೆ ಬರುವುದು ಜಾಸ್ತಿ. ಬಂದವರೆಲ್ಲ ಕೇಳುವುದು ಒಂದೇ: ‘ಇವರ ತಲೆ ಸರಿಯಿದೆಯೋ ಇಲ್ಲವೋ, ಅಷ್ಟು ಹೇಳಿ.’ ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಯಾವ ಕಾಗದಕ್ಕೆ ಸಹಿ ಹಾಕಲು ಹೊರಟಿದ್ದಾರೆ ಎಂದು ಹೇಳಿದರೆ, ಆ ಕಾಗದದ ಮಟ್ಟಿಗೆ, ಆ ದಿನದ ಮಟ್ಟಿಗೆ ಹೇಳಬಲ್ಲೆ. ಬ್ಯಾಂಕಿನ ಸಾಲದ ಲೆಕ್ಕ ಹಿಡಿಯಲಾರದ ಮನುಷ್ಯ ತನ್ನ ತೋಟ ಯಾರಿಗೆ ಸೇರಬೇಕೆಂದು ಸ್ಪಷ್ಟವಾಗಿ ಹೇಳಬಹುದು. ಸೋಮವಾರ ಹೇಳಲಾಗದ್ದನ್ನು ಗುರುವಾರ ಹೇಳಬಹುದು.

ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ವಯಸ್ಸು 81, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತೋಟವನ್ನು ಮಗಳಿಗೆ ಮರಣಶಾಸನ, ಅಂದರೆ ವಿಲ್, ಬರೆಯಲು ಹೊರಟಿದ್ದರು. ಇಬ್ಬರು ಗಂಡುಮಕ್ಕಳು ಹಿಂದಿನ ಯಾವುದೋ ಪರೀಕ್ಷೆಯ ವರದಿಯನ್ನು ಲ್ಯಾಮಿನೇಟ್ ಮಾಡಿಸಿಕೊಂಡು ತಂದಿದ್ದರು: 30ಕ್ಕೆ 15 ಅಂಕ. ಇಂದು ಯಾವ ತಾರೀಖು, ನೂರರಿಂದ ಏಳೇಳು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ, ಒಂದರ ಮೇಲೊಂದು ಕೂಡಿದ ಎರಡು ಪಂಚಕೋನದ ಚಿತ್ರ ನೋಡಿ ಹಾಗೇ ಬಿಡಿಸಿ ಎನ್ನುವ ಪರೀಕ್ಷೆ ಅದು. 1975ರಲ್ಲಿ ಅಮೆರಿಕದ ವೈದ್ಯರು ಸಿದ್ಧಪಡಿಸಿದ್ದು. ಮರೆವಿನ ಜಾಡು ಹಿಡಿಯಲು ಉಪಯುಕ್ತವೇ. ಆದರೆ ಬಳಪ ಹಿಡಿಯದ ಕೈಗೆ ಪಂಚಕೋನ ಬಿಡಿಸಲು ಕೊಟ್ಟು ಅಂಕ ಕಳೆಯುವುದು ಪರೀಕ್ಷೆಯ ದೋಷ, ಅಜ್ಜಿಯದಲ್ಲ. ಓದುಬರಹ ಇಲ್ಲದವರಿಗಾಗಿ ಬದಲಿಸಿದ ಪರೀಕ್ಷೆಗಳಿವೆ, ಅವನ್ನು ಬಳಸಿರಲಿಲ್ಲ.

ಮಕ್ಕಳನ್ನು ಹೊರಗೆ ಕೂರಿಸಿ ನಾನೂ ತಾರೀಖು ಕೇಳಿದೆ. ಅಂದು ಜುಲೈ 31.

‘ತಾರೀಖು ಕಟ್ಟಿಕೊಂಡು ನನಗೇನಾಗಬೇಕು? ಪುಷ್ಯ ಮಳೆ ಹೊಯ್ಯುತ್ತಿದೆ. ಇನ್ನು ಮೂರು ದಿನ ಹೋದರೆ ಆಶ್ಲೇಷ.’

ತೋಟ ಎಷ್ಟಿದೆ ಎಂದೆ. ‘ಎಕರೆ ಗುಂಟೆ ಸರಕಾರದ ಲೆಕ್ಕ. ಹಳೆಯ ತೋಟದಲ್ಲಿ ಸಾವಿರದ ಇನ್ನೂರು ಮರ. ಹೊಸದು ಇನ್ನೂ ಫಸಲಿಗೆ ಬಂದಿಲ್ಲ.’ ಪಹಣಿ ತೆರೆದು ನೋಡಿದರೆ ವಿಸ್ತೀರ್ಣಕ್ಕೆ ತಾಳೆಯಾಗುತ್ತಿತ್ತು. ಮಗಳಿಗೇ ಏಕೆ ಎಂದು ಕೇಳಿದೆ. ಗಂಡುಮಕ್ಕಳಿಗೆ ಗದ್ದೆ ಹೋಗಿದೆ, ಗಂಡ ತೀರಿಕೊಂಡು ತವರಿಗೆ ಬಂದ ಮಗಳು ಆರು ವರ್ಷದಿಂದ ತನ್ನನ್ನು ನೋಡಿಕೊಂಡಿದ್ದಾಳೆ, ಅವಳಿಗೆ ಬೇರೆ ನೆಲೆಯಿಲ್ಲ ಎಂದರು. ಗಂಡುಮಕ್ಕಳು ಸಿಟ್ಟಾಗುವುದಿಲ್ಲವೇ? ‘ಆಗುತ್ತಾರೆ. ಆದರೂ ನನ್ನ ಕಾರ್ಯಕ್ಕೆ ಬಂದೇ ಬರುತ್ತಾರೆ, ಊರು ನೋಡುತ್ತದಲ್ಲ.’

ಅರ್ಧ ಗಂಟೆ ಬಿಟ್ಟು ಅದೇ ಪ್ರಶ್ನೆಗಳನ್ನು ಬೇರೆ ಮಾತಿನಲ್ಲಿ ಕೇಳಿದೆ. ಉತ್ತರ ಬದಲಾಗಲಿಲ್ಲ. ‘ನಿನಗೇ ಮರೆವು ಬಂದಿದೆಯೇನೋ ಮಗು?’ ಎಂದರು.

ಆ ಅಜ್ಜಿಗೆ ಮರೆಗುಳಿ ಕಾಯಿಲೆಯ ಆರಂಭ ಇದ್ದದ್ದು ನಿಜ. ಬೆಳಿಗ್ಗೆ ಏನು ತಿಂದೆನೆಂದು ಹೇಳಲು ಆಗಲಿಲ್ಲ. ಮರಣಶಾಸನ ಬರೆಯುವಷ್ಟು ಬುದ್ಧಿ ಸ್ವಾಧೀನದಲ್ಲಿ ಇದ್ದದ್ದೂ ಅಷ್ಟೇ ನಿಜ. ಎರಡನ್ನೂ ಬರೆದೆ.

ಸಾಗರದ ಕಡೆಯ ಹಿರಿಯರೊಬ್ಬರದು ಇದಕ್ಕೆ ತದ್ವಿರುದ್ಧ. ಇಸ್ತ್ರಿ ಮಾಡಿದ ಅಂಗಿ, ನಗುಮುಖ, ನಮಸ್ಕಾರ. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಮುಳುಗಿದಾಗ ಗಾಡಿಗೆ ಏನೇನು ಹೇರಿಕೊಂಡು ಬಂದೆವು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರು. ಅರ್ಧ ತಾಸು ಮಾತಾಡಿದ ಯಾರೂ ಇವರಿಗೆ ಕಾಯಿಲೆ ಇದೆ ಎನ್ನಲಾರರು. ಆಮೇಲೆ ಮಗ ತಂದಿದ್ದ ದಾನಪತ್ರದ ಕರಡು ತೋರಿಸಿ ಇದೇನು ಎಂದೆ. ‘ಸೊಸೈಟಿ ಸಾಲದ್ದು.’ ಅಲ್ಲ, ಇದಕ್ಕೆ ಸಹಿ ಹಾಕಿ ನೋಂದಣಿಯಾದರೆ ಮನೆ ತೋಟ ಎರಡೂ ಕಿರಿಯ ಮಗನ ಹೆಸರಿಗೆ ಹೋಗುತ್ತವೆ, ನಿಮ್ಮ ಇಷ್ಟದಂತೆ ಹಿಂದಕ್ಕೆ ಪಡೆಯಲಾಗದು ಎಂದು ನಿಧಾನವಾಗಿ ಹೇಳಿದೆ. ‘ಗೊತ್ತಾಯಿತು, ಗೊತ್ತಾಯಿತು’ ಎಂದು ತಲೆಯಾಡಿಸಿದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಸೊಸೈಟಿ ಸಾಲ. ಮಕ್ಕಳೆಷ್ಟು ಎಂದರೆ ಬೆಂಗಳೂರಿನಲ್ಲಿರುವ ಮಗಳನ್ನು ಬಿಟ್ಟೇ ಎಣಿಸಿದರು. ನೆನಪಿಸಿದಾಗ, ಅವಳು ರಾತ್ರಿ ಬಂದು ಕಪಾಟಿನ ದುಡ್ಡು ಕದಿಯುತ್ತಾಳೆ ಎಂದರು. ಮಗಳು ಎಂಟು ತಿಂಗಳಿಂದ ಊರಿಗೇ ಬಂದಿರಲಿಲ್ಲ. ನಾನು ಬರೆದುಕೊಡಲಿಲ್ಲ. ಮಗ ಶುಲ್ಕವನ್ನು ಮೇಜಿನ ಮೇಲೆ ಎಸೆದು ಹೋದ.

ನಾವು ನೋಡುವುದು ಇಷ್ಟೇ. ವಿಷಯ ಹೇಳಿದರೆ ಅರ್ಥವಾಗುತ್ತದೆಯೇ, ಅದು ತನಗೇ ಸಂಬಂಧಿಸಿದ್ದೆಂದು ಮನಸ್ಸಿಗೆ ಇಳಿಯುತ್ತದೆಯೇ, ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು ತೂಗಿ ನೋಡಬಲ್ಲರೇ, ತೀರ್ಮಾನವನ್ನು ಹೇಳಿ ಅದರಲ್ಲೇ ನಿಲ್ಲಬಲ್ಲರೇ. ಮರಣಶಾಸನವಾದರೆ ಇನ್ನೂ ಖಚಿತವಾಗಿ ಕೇಳುತ್ತೇವೆ: ನಾನು ಸತ್ತ ಮೇಲೆ ಇದು ಜಾರಿಗೆ ಬರುತ್ತದೆ ಎಂದು ಗೊತ್ತೇ, ಆಸ್ತಿ ಸ್ಥೂಲವಾಗಿ ಎಷ್ಟಿದೆ, ಯಾರು ಯಾರಿಗೆ ನನ್ನ ಮೇಲೆ ಹಕ್ಕಿದೆ, ಯಾರಿಗಾದರೂ ಕೊಡದೆ ಬಿಟ್ಟರೆ ಆ ಬಿಡುವಿಕೆಯ ಹಿಂದೆ ಕಾಯಿಲೆಯ ಭ್ರಮೆ ಇದೆಯೇ. ಈ ಅಳತೆಗೋಲು 1870ರ ಬ್ಯಾಂಕ್ಸ್ ವಿರುದ್ಧ ಗುಡ್‌ಫೆಲೊ ಎಂಬ ಇಂಗ್ಲೆಂಡಿನ ಮೊಕದ್ದಮೆಯಿಂದ ಬಂದದ್ದು. ಯಾವಾಗಲೋ ಸತ್ತುಹೋದ ಮನುಷ್ಯನೊಬ್ಬ ತನ್ನನ್ನು ಕಾಡುತ್ತಾನೆ, ದೆವ್ವಗಳು ಬೆನ್ನಟ್ಟುತ್ತವೆ ಎಂದು ನಂಬಿದ್ದವನ ಮರಣಶಾಸನವನ್ನು ಆ ನ್ಯಾಯಾಲಯ ಎತ್ತಿಹಿಡಿಯಿತು, ಏಕೆಂದರೆ ಆ ಭ್ರಮೆಗೂ ಆಸ್ತಿ ಹಂಚಿಕೆಗೂ ಸಂಬಂಧವಿರಲಿಲ್ಲ. ನಮ್ಮ ಕಡೆ, ರಾತ್ರಿ ತೋಟದಲ್ಲಿ ಚೌಡಿ ಓಡಾಡುತ್ತಾಳೆ ಎನ್ನುವ ಅಜ್ಜನೂ ಮರಣಶಾಸನ ಬರೆಯಬಹುದು. ಮಗಳು ಕಳ್ಳಿ ಎಂಬ ಭ್ರಮೆಯಿಂದ ಮಗಳ ಪಾಲು ಕತ್ತರಿಸಿದರೆ ಮಾತ್ರ ತೊಂದರೆ.

ನಮ್ಮ ಕಾನೂನುಗಳೂ ಹಾಗೆಯೇ ಯೋಚಿಸುತ್ತವೆ. 1925ರ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮಿನ ಪ್ರಕಾರ, ಸಾಮಾನ್ಯವಾಗಿ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವನೂ ಅದು ಸ್ಥಿಮಿತದಲ್ಲಿರುವ ಹೊತ್ತಿನಲ್ಲಿ ಮರಣಶಾಸನ ಬರೆಯಬಹುದು. ದಾನಪತ್ರಕ್ಕೆ 1872ರ ಕರಾರು ಕಾಯ್ದೆಯ ಅಳತೆ: ಸಹಿ ಹಾಕುವ ಹೊತ್ತಿಗೆ ವಿಷಯ ಅರ್ಥವಾಗಬೇಕು, ತನ್ನ ಹಿತದ ಮೇಲೆ ಅದರ ಪರಿಣಾಮವನ್ನು ವಿವೇಚಿಸಲು ಬರಬೇಕು. ‘2017ರ ಕಾಯ್ದೆ ಪ್ರಕಾರ ಸರ್ಟಿಫಿಕೇಟ್ ಕೊಡಿ’ ಎಂದು ಕೇಳಿಕೊಂಡು ಬರುವವರಿದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಹೇಳಿರುವ ಸಾಮರ್ಥ್ಯ ಚಿಕಿತ್ಸೆಯ ತೀರ್ಮಾನಗಳಿಗೆ ಸಂಬಂಧಿಸಿದ್ದು, ತೋಟಕ್ಕಲ್ಲ. ಆದರೂ ಅದರಲ್ಲಿ ನಿಮ್ಮ ಅಣ್ಣನಿಗೆ ಓದಿ ಹೇಳಬೇಕಾದ ಎರಡು ಮಾತುಗಳಿವೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ, ನ್ಯಾಯಾಲಯ ಹಾಗೆಂದು ಘೋಷಿಸದ ಹೊರತು, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದಾಗುವುದಿಲ್ಲ. ಮತ್ತು ಚಿಕಿತ್ಸೆಯ ವಿಷಯದಲ್ಲಿ ಒಬ್ಬರು ತೆಗೆದುಕೊಂಡ ತೀರ್ಮಾನ ಬೇರೆಯವರ ಕಣ್ಣಿಗೆ ತಪ್ಪೆಂದು ಕಂಡರೆ, ಅಷ್ಟರಿಂದಲೇ ಅವರಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ.

ಈಗ ನನ್ನದೇ ಒಂದು ತಪ್ಪು. ವೃತ್ತಿಗೆ ಬಂದ ಹೊಸದರಲ್ಲಿ ಪರಿಚಿತರ ಮಾತಿಗೆ ಕಟ್ಟುಬಿದ್ದು ಒಬ್ಬ ಹಿರಿಯರಿಗೆ ಹತ್ತು ನಿಮಿಷದಲ್ಲಿ ‘ಇವರು ಸ್ವಸ್ಥಚಿತ್ತರಾಗಿದ್ದಾರೆ’ ಎಂದು ಒಂದು ಸಾಲು ಬರೆದುಕೊಟ್ಟೆ. ಏಳು ವರ್ಷದ ಮೇಲೆ ಸಮನ್ಸ್ ಬಂತು. ಎದುರು ಪಕ್ಷದ ವಕೀಲರು ಮೃದುವಾಗಿ ಕೇಳಿದರು: ‘ಡಾಕ್ಟರೇ, ಅವರಿಗೆ ಎಷ್ಟು ಆಸ್ತಿ ಇತ್ತೆಂದು ಕೇಳಿದಿರಾ? ಏನೆಂದರು? ಪಕ್ಕದಲ್ಲಿ ಯಾರಿದ್ದರು?’ ನನ್ನ ಬಳಿ ಇದ್ದದ್ದು ಆ ಒಂದು ಸಾಲು. ಹಿರಿಯರ ಮುಖವೂ ನೆನಪಿಗೆ ಬರಲಿಲ್ಲ. ಅಂದಿನಿಂದ ನಾನು ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ, ಅವರದೇ ಮಾತಿನಲ್ಲಿ, ಸಮಯ ಸಹಿತ ಬರೆಯುತ್ತೇನೆ. ‘ಕಾರ್ಯಕ್ಕೆ ಬಂದೇ ಬರುತ್ತಾರೆ’ ಎಂಬ ಒಂದು ಮಾತು ಮೂವತ್ತು ಅಂಕದ ಪಟ್ಟಿಗಿಂತ ಗಟ್ಟಿ ಸಾಕ್ಷ್ಯ.

ಹಾಗಾದರೆ ಒಂದೇ ಭೇಟಿ ಸಾಕೇ? ಸ್ಪಷ್ಟವಾಗಿದ್ದರೆ ಸಾಕು. ನಿಮ್ಮ ತಂದೆಯ ವಿಷಯದಲ್ಲಿ ನಾನಾದರೆ ಎರಡು ಸಲ, ಒಂದು ವಾರದ ಅಂತರದಲ್ಲಿ ನೋಡುತ್ತೇನೆ. ‘ಸಂಜೆಯಾದರೆ ಏನೇನೋ ಮಾತಾಡುತ್ತಾರೆ, ಹದಿನೈದು ದಿನದಿಂದ ಹೆಚ್ಚಾಗಿದೆ’ ಎಂದು ನೀವು ಬರೆದಿರುವುದು ನನ್ನನ್ನು ಕಾಡುತ್ತಿದೆ. ಮರೆಗುಳಿ ಕಾಯಿಲೆ ಸಾಮಾನ್ಯವಾಗಿ ತಿಂಗಳು ವರ್ಷಗಳ ಲೆಕ್ಕದಲ್ಲಿ ಇಳಿಯುತ್ತದೆ. ಹದಿನೈದು ದಿನದಲ್ಲಿ ಏರಿದ ಗೊಂದಲಕ್ಕೆ ಹಿಂದಿನವರು ಸನ್ನಿ ಎನ್ನುತ್ತಿದ್ದರು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕುಸಿತ, ಹೊಸದಾಗಿ ಶುರುವಾದ ನಿದ್ರೆ ಮಾತ್ರೆ, ಬಚ್ಚಲಲ್ಲಿ ಜಾರಿ ತಲೆಗೆ ಬಿದ್ದ ಪೆಟ್ಟಿನಿಂದ ಒಳಗೆ ನಿಧಾನವಾಗಿ ಹೆಪ್ಪುಗಟ್ಟಿದ ರಕ್ತ, ಯಾವುದೂ ಆಗಿರಬಹುದು. ಕಾಗದದ ಮಾತು ಬದಿಗಿಟ್ಟು ಮೊದಲು ಈ ವಾರವೇ ಅದನ್ನು ತೋರಿಸಿ. ಊರ ಹತ್ತಿರದ ಆಸ್ಪತ್ರೆಯಲ್ಲೇ ಶುರುಮಾಡಬಹುದು, ಸ್ಕ್ಯಾನ್ ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಸನ್ನಿ ಇಳಿದ ಮೇಲೆ ಕಾಣುವ ಮನುಷ್ಯನೇ ಬೇರೆ, ಪರೀಕ್ಷೆ ಮಾಡಬೇಕಾದದ್ದು ಅವರನ್ನು.

ನೀವು ಕೇಳದಿದ್ದರೂ ಹೇಳಬೇಕಾದದ್ದು ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರದ ವಿಷಯ. ‘ಸುಮ್ಮನೆ ಅಪ್ಪನಿಂದ ಜಿಪಿಎ ಬರೆಸಿಕೊಂಡರೆ ಮುಂದೆ ತೊಂದರೆಯಿಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಕರಾರು ಕಾಯ್ದೆಯ 201ನೇ ಕಲಮಿನಂತೆ ಆ ಅಧಿಕಾರವೇ ಮುಗಿಯುತ್ತದೆ. ಮಳೆ ಬಂದ ಕ್ಷಣ ಮುಚ್ಚಿಕೊಳ್ಳುವ ಕೊಡೆ ಅದು.

ಮರಣಶಾಸನವೋ ದಾನಪತ್ರವೋ ಎಂಬುದನ್ನು ವಕೀಲರ ಜೊತೆ ಕುಳಿತು ತೀರ್ಮಾನಿಸಿ. ಮರಣಶಾಸನವನ್ನು ತಂದೆ ಬದುಕಿರುವಷ್ಟು ದಿನ, ಬುದ್ಧಿ ನೆಟ್ಟಗಿರುವಷ್ಟು ದಿನ ಬದಲಿಸಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳು ಕಡ್ಡಾಯ, ನೋಂದಣಿ ಕಡ್ಡಾಯವಲ್ಲ, ವೈದ್ಯರ ಪತ್ರವನ್ನೂ ಕಾನೂನು ಕೇಳುವುದಿಲ್ಲ. ನಾಳೆ ಜಗಳವಾದರೆ ಇರಲಿ ಎಂದು ಇಟ್ಟುಕೊಳ್ಳುವುದಷ್ಟೇ. ದಾನಪತ್ರ ಕೊಟ್ಟ ದಿನವೇ ಕೈಬಿಟ್ಟಂತೆ. ನೋಡಿಕೊಳ್ಳಬೇಕೆಂಬ ಷರತ್ತು ಹಾಕಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಹೋಗಲು ದಾರಿಯಿದೆ, ಆದ್ದರಿಂದ ಆ ಷರತ್ತು ಪತ್ರದಲ್ಲೇ ಇರಲಿ. ತೋಟ ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ತಂಗಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ನಿಮ್ಮಷ್ಟೇ ಹಕ್ಕಿದೆ, ಅಣ್ಣನಿಗೆ ಅದೂ ಗೊತ್ತಿರಲಿ.

ತಂಗಿಯೇ ತಂದೆಯನ್ನು ಕರೆತಂದು, ಅವಳೇ ವಕೀಲರನ್ನು ಗೊತ್ತುಮಾಡಿ, ಅವಳೇ ಬರೆಸಿದಂತೆ ಆಗದಿರಲಿ. ಹಳೆಯ ಮೈಸೂರು ರಾಜ್ಯದಿಂದ ಹೋದ ಮೊಕದ್ದಮೆಯೊಂದರಲ್ಲೇ ಸುಪ್ರೀಂ ಕೋರ್ಟು 1959ರಲ್ಲಿ ಹೇಳಿದೆ: ಲಾಭ ಪಡೆಯುವವರೇ ಮುಂದೆ ನಿಂತು ಮರಣಶಾಸನ ಬರೆಸಿದರೆ ಅದು ಅನುಮಾನಕ್ಕೆ ಎಡೆ, ಆ ಅನುಮಾನ ಕಳೆಯುವ ಹೊಣೆಯೂ ಅದನ್ನು ಮುಂದಿಡುವವರದೇ. ಆಸ್ತಿಯಲ್ಲಿ ಪಾಲಿಲ್ಲದ ಚಿಕ್ಕಪ್ಪನೋ ಸೋದರಮಾವನೋ ಕರೆತರಲಿ.

ಬರುವಾಗ ಪಹಣಿ, ಪತ್ರದ ಕರಡು, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಇರಲಿ. ಥೈರಾಯ್ಡ್, ಬಿ12, ಸೋಡಿಯಂ ವರದಿ ಇದ್ದರೆ ಒಳ್ಳೆಯದು. ಬೆಳಗಿನ ಹೊತ್ತು ಗೊತ್ತುಮಾಡಿ, ಆದರೆ ನಸುಕಿನಲ್ಲೇ ಎಬ್ಬಿಸಿಕೊಂಡು ನಿದ್ರೆಗೆಟ್ಟು ನೇರ ಬಂದದ್ದಾಗಿರಬಾರದು, ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಮಲಗಿಸಿ. ‘ಡಾಕ್ಟರು ಹೀಗೆ ಕೇಳುತ್ತಾರೆ, ಹೀಗೆ ಹೇಳು’ ಎಂದು ದಾರಿಯುದ್ದಕ್ಕೂ ಪಾಠ ಹೇಳಿಕೊಡಬೇಡಿ, ಅದು ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ನಾನು ಬಾಗಿಲು ಹಾಕಿಕೊಂಡಾಗ ಅಣ್ಣನೂ ನೀವೂ ಹೊರಗೆ ಕೂರಬೇಕು. ಕನ್ನಡಕ ಮರೆಯಬೇಡಿ. ಕಿವಿಗೆ ಯಂತ್ರ ಹಾಕುತ್ತಾರೆಂದು ಬರೆದಿದ್ದೀರಿ, ಹೊರಡುವ ಮುಂಚೆ ಅದಕ್ಕೆ ಹೊಸ ಸೆಲ್ ಹಾಕಿಸಿ.