ಎಂಜಿನ್ನಿನಲ್ಲಿ ಮುರಿದ ಬೋಲ್ಟ್: ಈಸಿ ಔಟ್‌ಗೆ ಕೈ ಹಾಕುವ ಮೊದಲು

ಪ್ರಶ್ನೆ: ಕಾರಿನ ಥರ್ಮೋಸ್ಟಾಟ್ (ಎಂಜಿನ್ ತಂಪು ಮಾಡುವ ನೀರಿನ ಹರಿವನ್ನು ಹದದಲ್ಲಿಡುವ ಕವಾಟ) ಬದಲಾಯಿಸಲು ಅದರ ಹೌಸಿಂಗ್ (ಹೊರಕವಚ) ಬಿಚ್ಚುತ್ತಿದ್ದೆ. ಒಂದು ಬೋಲ್ಟ್ ಸಲೀಸಾಗಿ ಬಂತು. ಇನ್ನೊಂದು ಕಾಲು ಸುತ್ತು ತಿರುಗಿ ಕಟ್ ಅಂತ ಮುರಿಯಿತು. ಹೌಸಿಂಗ್ ಎತ್ತಿದ ಮೇಲೆ ನೋಡಿದರೆ ಸುಮಾರು 8 ಮಿ.ಮೀ. ತುಂಡು ಹೊರಗೆ ನಿಂತಿದೆ. ಎಂ8 (8 ಮಿ.ಮೀ. ದಪ್ಪದ) ಬೋಲ್ಟ್, ಅದು ಕೂತಿರುವ ಎಂಜಿನ್ ಹೆಡ್ (ಸಿಲಿಂಡರ್‌ಗಳ ಮೇಲಿನ ಭಾಗ) ಅಲ್ಯೂಮಿನಿಯಂ. ಈಸಿ ಔಟ್ (ಮುರಿದ ಬೋಲ್ಟಿನ ತೂತಿನಲ್ಲಿ ಕೂರಿಸಿ, ಅದನ್ನು ತಿರುಗಿಸಿ ತೆಗೆಯುವ ಸಾಧನ) ಸೆಟ್ ತಂದಿಟ್ಟುಕೊಂಡಿದ್ದೇನೆ. ತೂತು ಕೊರೆದು ಅದನ್ನೇ ಹಾಕಲಾ?

ಉತ್ತರ: ದಯವಿಟ್ಟು ಬೇಡ. ಈಸಿ ಔಟ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ. 8 ಮಿ.ಮೀ. ಹೊರಗಿದೆ ಅಂದರೆ ಹಿಡಿಯಲು ಜಾಗ ಇದೆ. ಆ ತುಂಡನ್ನು ಹಾಳು ಮಾಡಿಕೊಳ್ಳಬೇಡಿ.

ಮೊದಲು ಅದು ಹೇಗೆ ಮುರಿಯಿತು ಅನ್ನೋದನ್ನು ನೋಡೋಣ. ಬಿಗಿ ಮಾಡುವಾಗ ಜಾಸ್ತಿ ಎಳೆದು ಮುರಿದ ಬೋಲ್ಟ್ ಒಂದು ತರಹ. ತಲೆ ಹೋದ ಕೂಡಲೇ ಅದರ ಮೇಲಿದ್ದ ಎಳೆತವೂ ಹೋಗುತ್ತದೆ. ಒಳಗಿನ ತುಂಡು ಸಡಿಲವಾಗಿ ಕೂತಿರುತ್ತದೆ. ಎಷ್ಟೋ ಸಲ ಪಂಚ್ ಅನ್ನುವ ಚೂಪು ಉಕ್ಕಿನ ಕಡ್ಡಿಯಿಂದ ಅಂಚಿಗೆ ಮೆಲ್ಲಗೆ ತಟ್ಟಿದರೂ ತಿರುಗಿ ಬರುತ್ತದೆ. ನಿಮ್ಮದು ಹಾಗಲ್ಲ, ಬಿಚ್ಚುವಾಗ ಮುರಿದಿದೆ. ಥ್ರೆಡ್ (ಬೋಲ್ಟಿನ ತಿರುಪು ಸುತ್ತು) ಕಚ್ಚಿಕೊಂಡಿದೆ. ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಜಿನುಗಿದರೆ ಬ್ಯಾಟರಿಯೊಳಗೆ ನಡೆಯುವಂಥದ್ದೇ ಅಲ್ಲೂ ನಡೆಯುತ್ತದೆ. ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೊದಲಿನ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಥ್ರೆಡ್ ಸಂದಿಯಲ್ಲಿ ಜಾಗ ಎಲ್ಲಿಂದ ಬರಬೇಕು? ಅದು ಬೋಲ್ಟನ್ನೇ ಸುತ್ತಲೂ ಅಮುಕಿ ಹಿಡಿಯುತ್ತದೆ.

ಆ ಹಿಡಿತವನ್ನು 8 ಮಿ.ಮೀ. ದಪ್ಪದ ಬೋಲ್ಟಿಗೇ ತಡೆಯಲು ಆಗಲಿಲ್ಲ. ಹಾಗಿರುವಾಗ ಅದರೊಳಗೆ ಕೊರೆದ 4 ಮಿ.ಮೀ. ತೂತಿನಲ್ಲಿ ಕೂರುವ ಸಣ್ಣ ಈಸಿ ಔಟ್ ತಡೆಯುತ್ತದಾ? ಅದಲ್ಲದೆ ಸುರುಳಿ ಆಕಾರದ ಈಸಿ ಔಟ್ ಕೆಳಗೆ ಸಣ್ಣ, ಮೇಲೆ ದಪ್ಪ. ತಿರುಗಿಸಿದಷ್ಟೂ ಬೆಣೆಯ ಹಾಗೆ ಒಳಗೆ ಹೋಗಿ ಬೋಲ್ಟನ್ನು ಸುತ್ತಲೂ ಅಗಲಕ್ಕೆ ಹಿಗ್ಗಿಸುತ್ತದೆ. ಮೊದಲೇ ಕಚ್ಚಿಕೊಂಡದ್ದು ಇನ್ನೂ ಗಟ್ಟಿಯಾಗುತ್ತದೆ.

ಈಗ ಮಾಡಬೇಕಾದದ್ದು. ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ತೆರೆದ ಕೂಲಂಟ್ ದಾರಿಗೆ ಬಟ್ಟೆ ತುರುಕಿ. ಬೋಲ್ಟಿನ ಬುಡದ ಬಿಳಿ ಪುಡಿಯನ್ನು ತಂತಿ ಬ್ರಷ್‌ನಿಂದ ಕೆರೆದು ತೆಗೆಯಿರಿ. ನಂತರ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಬೋಲ್ಟಿನ ತುದಿಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ಹತ್ತಿಪ್ಪತ್ತು ಸಲ ತಟ್ಟಿ. ಜೋರಾಗಿ ಬೇಡ, ಒಳಗಿನ ಪುಡಿ ಅದುರಿ ಬಿರುಕು ಬಿಡಬೇಕು ಅಷ್ಟೇ. ಮತ್ತೆ ಎಣ್ಣೆ ಬಿಡಿ, ರಾತ್ರಿಯೆಲ್ಲಾ ಹಾಗೇ ಇರಲಿ. ಸ್ಪ್ರೇ ಹೊಡೆದು ಐದೇ ನಿಮಿಷಕ್ಕೆ ಪಾನಾ ಹಿಡಿಯುವವರೇ ಜಾಸ್ತಿ. ಎಣ್ಣೆಗೆ ಒಳಗಿಳಿಯಲು ಹೊತ್ತು ಬೇಕು.

ಬೆಳಗ್ಗೆ ಶಾಖ ಕೊಡಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ಬೋಲ್ಟಿಗಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂಗೆ ಹೀಟ್ ಗನ್ ಹಿಡಿಯಿರಿ. ಅದಕ್ಕೂ ಮೊದಲು ಮೇಲೆ ಉಳಿದ ಎಣ್ಣೆ ಒರೆಸಿ. ಪೆಟ್ರೋಲ್ ಪೈಪ್ ಹತ್ತಿರ ಇದ್ದರೆ ಈ ಹಂತ ಬಿಟ್ಟೇಬಿಡಿ. ಇನ್ನೊಂದು ಮಾತು, ಇದನ್ನು ನಿಜವಾಗಿಯೂ ನೆನಪಿಡಿ: ಬಿಸಿ ಮಾಡುವ ಜಾಗಕ್ಕೆ ಬ್ರೇಕ್ ಕ್ಲೀನರ್ (ಎಣ್ಣೆ, ಗ್ರೀಸ್ ತೊಳೆಯುವ ಸ್ಪ್ರೇ) ಹೊಡೆಯಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಿಸಿಯಾದರೆ ಫಾಸ್ಜೀನ್ ಅನ್ನುವ ವಿಷಾನಿಲ ಬರಬಹುದು. ಸ್ವಲ್ಪ ಉಸಿರಾಡಿದರೂ ಜೀವಕ್ಕೆ ಅಪಾಯ.

ಬಿಸಿ ಇರುವಾಗಲೇ ಕೈಗವಸು ಹಾಕಿ ತುಂಡನ್ನು ಹಿಡಿಯಿರಿ. ಗ್ರಿಪ್ ಪ್ಲೈಯರ್ ಜಾರುತ್ತಿದ್ದರೆ ತುಂಡಿನ ಎರಡು ಬದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ. ಆಗ ಹಿಡಿತ ಕೂರುತ್ತದೆ. ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕೈಗೆ ಏನು ಗೊತ್ತಾಗುತ್ತದೆ ಅನ್ನೋದರ ಮೇಲೇ ಗಮನ ಇರಲಿ. ರಬ್ಬರಿನ ಹಾಗೆ ತಿರುಚಿಕೊಂಡು ಬಿಟ್ಟಾಗ ವಾಪಸ್ ಬಂದರೆ ಥ್ರೆಡ್ ಇನ್ನೂ ಬಿಟ್ಟಿಲ್ಲ, ಬೋಲ್ಟ್ ಬರೀ ಹಿಂಡಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ, ಮತ್ತೆ ಎಣ್ಣೆ, ಮತ್ತೆ ಶಾಖ. ಕಿರ್ ಅಂತ ಒಣ ಸದ್ದು ಬಂದು ಇದ್ದ ಜಾಗದಲ್ಲೇ ನಿಂತರೆ ಅದು ಬಿಟ್ಟಿದೆ. ಆಗಲೂ ಒಂದೇ ಸಮ ತಿರುಗಿಸಬೇಡಿ. ಕಾಲು ಸುತ್ತು ಮುಂದೆ, ಸ್ವಲ್ಪ ಹಿಂದೆ, ನಡುನಡುವೆ ಎಣ್ಣೆ. ಒಂದು ಬೋಲ್ಟಿಗೆ ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ.

ಇದಕ್ಕೂ ಬಗ್ಗದಿದ್ದರೆ ವೆಲ್ಡಿಂಗ್ ಗೊತ್ತಿರುವವರನ್ನು ಕರೆಸಿ. ತುಂಡಿನ ಮೇಲೆ ಒಂದು ನಟ್ ಇಟ್ಟು ಅದರ ತೂತಿನೊಳಗಿಂದ ವೆಲ್ಡ್ ಮಾಡಿಸಿ. ಹಿಡಿಯಲು ಹೊಸ ತಲೆಯೂ ಸಿಗುತ್ತದೆ, ಒಳಗಿಂದ ಬರುವ ಬಿಸಿಗೆ ಥ್ರೆಡ್ಡೂ ಬಿಡುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ನಂಬಿಕೆಯ ದಾರಿ ಇಲ್ಲ.

ಪ್ರಶ್ನೆ: ನನ್ನದು ವಾಲ್ವ್ ಕವರಿನ (ಎಂಜಿನ್ ಹೆಡ್ಡಿನ ಮೇಲಿನ ಮುಚ್ಚಳದ) ಎಂ6 ಬೋಲ್ಟ್. ಮೇಲ್ಮೈಗಿಂತ ಕೆಳಗೇ ಮುರಿದಿದೆ, ಹಿಡಿಯಲು ಏನೂ ಇಲ್ಲ. ಡ್ರಿಲ್ ಮಾಡಲೇಬೇಕಲ್ವಾ?

ಉತ್ತರ: ಬಿಗಿ ಮಾಡುವಾಗ ಮುರಿದಿದ್ದರೆ ಮೊದಲು ಪಂಚ್‌ನಿಂದ ತಟ್ಟಿ ನೋಡಿ. ಬರಲಿಲ್ಲ ಅಂದರೆ ಹೌದು, ಕೊರೆಯಬೇಕು. ಇಲ್ಲಿ ಎಲ್ಲವೂ ನಿಂತಿರುವುದು ಮೊದಲ ಗುರುತಿನ ಮೇಲೆ. ಬೋಲ್ಟ್ ಮುರಿದ ಮುಖ ಯಾವತ್ತೂ ಸಮ ಇರುವುದಿಲ್ಲ, ಡ್ರಿಲ್ ಬಿಟ್ ತಗ್ಗಿನ ಕಡೆ ಜಾರುತ್ತದೆ. ಪಕ್ಕದ ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಒಮ್ಮೆ ಆ ಕಡೆ ಹೋದರೆ ವಾಪಸ್ ಬರುವುದಿಲ್ಲ. ಆದ್ದರಿಂದ ಸೆಂಟರ್ ಪಂಚ್‌ನಿಂದ ನಟ್ಟನಡುವೆ ಗುರುತು ಹಾಕಿ, ಭೂತಕನ್ನಡಿಯಲ್ಲಿ ನೋಡಿ, ತಪ್ಪಿದ್ದರೆ ಪಂಚನ್ನು ಓರೆ ಹಿಡಿದು ತಟ್ಟಿ ಸರಿಪಡಿಸಿ.

ಎಡಕ್ಕೆ ತಿರುಗಿ ಕೊರೆಯುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ಕೊಳ್ಳಿ. ಅದು ಬಿಚ್ಚುವ ದಿಕ್ಕಿಗೇ ತಿರುಗುವುದರಿಂದ ಕೊರೆಯುವಾಗಲೇ ತುಂಡು ಬಿಟ್ಟಿನ ಜೊತೆ ತಿರುಗಿ ಹೊರಗೆ ಬರುವುದುಂಟು. 2.5 ಮಿ.ಮೀ.ಯಿಂದ ಶುರು ಮಾಡಿ. ವೇಗ ಕಡಿಮೆ, ಒತ್ತಡ ಜಾಸ್ತಿ, ಎರಡು ಹನಿ ಎಣ್ಣೆ. ತುಂಡಿನ ಉದ್ದ ಗೊತ್ತಾಗಲು ಅದೇ ಕವರಿನಿಂದ ಬಿಚ್ಚಿದ ಇನ್ನೊಂದು ಬೋಲ್ಟನ್ನು ಮುರಿದು ಬಂದ ಭಾಗದ ಪಕ್ಕ ಇಟ್ಟು ಎಷ್ಟು ಉದ್ದ ಕಡಿಮೆ ಇದೆ ಅಂತ ಅಳೆಯಿರಿ, ಬಿಟ್ಟಿಗೆ ಆ ಆಳಕ್ಕೆ ಟೇಪ್ ಸುತ್ತಿ. ಆ ಗೆರೆ ದಾಟಿದರೆ ಕೆಳಗೆ ಎಣ್ಣೆಯ ದಾರಿಯೋ ನೀರಿನ ದಾರಿಯೋ ಇರಬಹುದು.

ಕೊರೆದಾಗ ಬರುವ ಚೂರುಗಳನ್ನು ನೋಡುತ್ತಿರಿ. ಉಕ್ಕಿನ ಚೂರು ಬೂದು ಬಣ್ಣದ ಸಣ್ಣ ಸುರುಳಿ, ಆಯಸ್ಕಾಂತಕ್ಕೆ ಅಂಟುತ್ತದೆ. ನಡುವೆ ಬೆಳ್ಳಗೆ ಹೊಳೆಯುವ, ಆಯಸ್ಕಾಂತಕ್ಕೆ ಅಂಟದ ಚೂರು ಕಂಡಿತೋ, ಬಿಟ್ ಅಲ್ಯೂಮಿನಿಯಂಗೆ ತಾಗಿದೆ. ತಕ್ಷಣ ನಿಲ್ಲಿಸಿ. ವಾಲ್ವ್ ಕವರ್ ತೆಗೆದಿರುವುದರಿಂದ ಒಂದು ಚೂರೂ ಒಳಗೆ ಬೀಳಬಾರದು. ಸುತ್ತ ಬಟ್ಟೆ ಹಾಸಿ, ಬಿಟ್ಟಿಗೆ ಗ್ರೀಸ್ ಹಚ್ಚಿ, ಆಗಾಗ ವ್ಯಾಕ್ಯೂಮ್ ಹಿಡಿಯಿರಿ. ಗಾಳಿ ಊದಬೇಡಿ, ಕಣ್ಣಿಗೆ ಕನ್ನಡಕ ಇರಲಿ.

ತೂತು ನಡುವೆಯೇ ಇದ್ದರೆ 4 ಮಿ.ಮೀ., ಆಮೇಲೆ 5 ಮಿ.ಮೀ.ವರೆಗೆ ದೊಡ್ಡದು ಮಾಡಿ. ಎಂ6ರ ಪಿಚ್ (ಎರಡು ಥ್ರೆಡ್ ಸುತ್ತಿನ ನಡುವಿನ ಅಂತರ) 1 ಮಿ.ಮೀ., ಅದರ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ತೂತು ಸರಿಯಾಗಿ 5 ಮಿ.ಮೀ. ಆಗ ಹಳೇ ಬೋಲ್ಟಿನಲ್ಲಿ ಉಳಿಯುವುದು ತಂತಿಯಂಥ ಥ್ರೆಡ್ ಮಾತ್ರ. ಚೂಪು ಕೊಕ್ಕೆಯಿಂದ ಎಳೆದರೆ ಸುರುಳಿಯಾಗಿ ಬರುತ್ತದೆ. ಉಳಿದದ್ದನ್ನು ಎಂ6 ಟ್ಯಾಪ್ ಹಾಕಿ ಶುಚಿ ಮಾಡಿ. ತೂತು ಪಕ್ಕಕ್ಕೆ ಹೋಗಿ ಥ್ರೆಡ್ ಸ್ವಲ್ಪ ತಿಂದಿದ್ದರೂ ಗಾಬರಿ ಬೇಡ. ತೂತನ್ನು ದೊಡ್ಡದು ಮಾಡಿ ಉಕ್ಕಿನ ಸುರುಳಿ ಇನ್ಸರ್ಟ್ (ಒಳಗೆ ಕೂರಿಸುವ ಹೊಸ ಥ್ರೆಡ್) ಹಾಕಿದರೆ ಮತ್ತೆ ಎಂ6 ಬೋಲ್ಟೇ ಕೂರುತ್ತದೆ, ಬರೀ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿಯಾಗಿಯೇ ಇರುತ್ತದೆ.

ಪ್ರಶ್ನೆ: ಈಸಿ ಔಟ್ ಒಳಗೇ ಮುರಿದುಹೋಗಿದೆ. ಡ್ರಿಲ್ ಬಿಟ್ ಅದರ ಮೇಲೆ ಸುಮ್ನೆ ಜಾರುತ್ತಿದೆ. ಈಗೇನು?

ಉತ್ತರ: ಕೊರೆಯುವುದನ್ನು ಈಗಲೇ ನಿಲ್ಲಿಸಿ. ಈಸಿ ಔಟ್ ನಿಮ್ಮ ಡ್ರಿಲ್ ಬಿಟ್ಟಿನಷ್ಟೇ ಗಡಸು ಉಕ್ಕು, ಬಿಟ್ ಪಕ್ಕಕ್ಕೆ ಸರಿದು ಹೆಡ್ಡನ್ನೇ ತಿನ್ನುತ್ತದೆ. ಕಾರ್ಬೈಡ್ ಬಿಟ್ ಅದನ್ನು ಕತ್ತರಿಸುತ್ತದೆ, ಆದರೆ ಕೈಯಲ್ಲಿ ಹಿಡಿದ ಡ್ರಿಲ್ಲು ಸ್ವಲ್ಪ ಅಲುಗಿದರೂ ಅದೂ ಮುರಿಯುತ್ತದೆ. ಮೇಲೆ ನಟ್ ವೆಲ್ಡ್ ಮಾಡಿಸಿ ನೋಡಬಹುದು. ಅದೂ ಆಗದಿದ್ದರೆ ಆ ಭಾಗವನ್ನು ಬಿಚ್ಚಿ ಸ್ಪಾರ್ಕ್ ಎರೋಷನ್ ಯಂತ್ರ ಇರುವ ವರ್ಕ್‌ಶಾಪಿಗೆ ಕೊಡಿ. ವಿದ್ಯುತ್ ಕಿಡಿಯಿಂದ ಲೋಹವನ್ನು ಚೂರುಚೂರೇ ಕರಗಿಸುವ ಯಂತ್ರ ಅದು, ಎಷ್ಟು ಗಡಸಾದರೂ ಲೆಕ್ಕವಿಲ್ಲ. ಸಿಲಿಂಡರ್ ಹೆಡ್ ಬೋಲ್ಟ್ ಮುರಿದವರಿಗೂ ನನ್ನ ಸಲಹೆ ಇದೇ: ಮನೆಯಲ್ಲಿ ಕೊರೆಯಲು ಹೋಗಬೇಡಿ.

ಪ್ರಶ್ನೆ: ಹೊಸ ಬೋಲ್ಟ್ ಎಷ್ಟು ಬಿಗಿ ಮಾಡಬೇಕು?

ಉತ್ತರ: ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುವಷ್ಟು. ವಾಲ್ವ್ ಕವರಿನ ಎಂ6ಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಇರುತ್ತದೆ. ಉದ್ದ ಹಿಡಿಯ ರ‍್ಯಾಚೆಟ್‌ನಲ್ಲಿ ಅದು ಗೊತ್ತೇ ಆಗದೆ ದಾಟಿಹೋಗುತ್ತದೆ, ಅದಕ್ಕೇ ಸಣ್ಣ ಟಾರ್ಕ್ ರೆಂಚ್ ಬೇಕು. ಥ್ರೆಡ್ಡಿಗೆ ಆಂಟಿ ಸೀಜ್ ಪೇಸ್ಟ್ (ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚುವುದಾದರೆ ತುಸುವೇ ಹಚ್ಚಿ. ಮ್ಯಾನ್ಯುಯಲ್‌ನ ಲೆಕ್ಕ ಸಾಮಾನ್ಯವಾಗಿ ಒಣ ಥ್ರೆಡ್ಡಿನದು. ಪೇಸ್ಟ್ ಹಚ್ಚಿ ಅಷ್ಟೇ ಟಾರ್ಕ್ ಕೊಟ್ಟರೆ ಬೋಲ್ಟ್ ಜಾಸ್ತಿ ಎಳೆಯಲ್ಪಡುತ್ತದೆ, ಹಾಗಾಗಿ ಸ್ವಲ್ಪ ಕಡಿಮೆಗೇ ನಿಲ್ಲಿಸಿ.